ಪಹಣಿ ಎಂದರೆ ನೋಡುವುದು

ನಮ್ಮ ಕಂದಾಯದ ಕಚೇರಿಗಳಲ್ಲಿ ದಿನಬೆಳಗಾದರೆ ಕೇಳಿಬರುವ ಮಾತುಗಳನ್ನು ಒಂದೆಡೆ ಕಲೆಹಾಕಿ ನೋಡಿದರೆ, ಅವುಗಳಲ್ಲಿ ಅಚ್ಚಗನ್ನಡದವು ಕೆಲವೇ ಎಂಬುದು ಯಾರಿಗಾದರೂ ಗೋಚರವಾದೀತು. ತಹಶೀಲ್ದಾರ, ಖರಾಬು, ಜಮಾಬಂದಿ, ಬಿನ್ ಮೊದಲಾದ ಶಬ್ದಗಳು ಪಾರಸಿ ಅರಬ್ಬಿಗಳಿಂದ ಹೊರಟು, ಸುಲ್ತಾನರ ಮತ್ತು ಮರಾಠರ ದಫ್ತರಗಳನ್ನು ಹಾದು, ನಮ್ಮ ಹೊಲದ ಬದುವಿನವರೆಗೆ ಬಂದು ಬೇರುಬಿಟ್ಟಿವೆ. ಅಂಥ ವಲಸೆಯ ಶಬ್ದಗಳಲ್ಲಿ ‘ಪಹಣಿ’ಯೂ ಒಂದು. ಮರಾಠಿಯಲ್ಲಿ ‘ಪಾಹಣೀ’ ಎಂದರೆ ನೋಡುವಿಕೆ, ಕಣ್ಣಾರೆ ಕಂಡು ಪರಿಶೀಲಿಸುವಿಕೆ. ಗ್ರಾಮದ ಲೆಕ್ಕ ಬರೆಯುವವನು ಹೊಲದಿಂದ ಹೊಲಕ್ಕೆ ನಡೆದು, ಯಾವ ಸರ್ವೆ ನಂಬರಿನಲ್ಲಿ ಯಾರು ಉಳುತ್ತಿರುವರು, ಏನು ಬೆಳೆದಿದೆ, ನೀರು ಎಲ್ಲಿಂದ ಹರಿಯುತ್ತದೆ ಎಂಬುದನ್ನು ಕಂಡು ಬರೆದ ಬರಹ ಅದು. ಆದರೆ ವಿಧಿಯ ವಿಡಂಬನೆ ಎಂಥದೆಂದರೆ, ‘ನೋಟ’ವೆಂದೇ ಹೆಸರಾದ ಆ ದಾಖಲೆಯನ್ನು ನೋಡುವ ಭಾಗ್ಯವು, ಅದರಲ್ಲಿ ಯಾರ ಹೆಸರಿತ್ತೋ ಆ ರೈತನಿಗೇ ತಲೆಮಾರುಗಳ ಕಾಲ ದುರ್ಲಭವಾಗಿತ್ತು.

ಈಗ ಜಗಳೂರು ತಾಲೂಕಿನ ಒಂದು ಮನೆಯ ಜಗಲಿಯನ್ನು ಕಲ್ಪಿಸಿಕೊಳ್ಳಿ. ಬಿತ್ತನೆಗೆ ಇನ್ನೂ ಕೆಲವು ದಿನಗಳ ಬಿಡುವಿದೆ. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಪಹಣಿಯ ಜಾಲತಾಣವನ್ನು ತೆರೆದು ಕುಳಿತಿದ್ದಾಳೆ, ತಂದೆ ಪಕ್ಕದಲ್ಲಿ ಕನ್ನಡಕವನ್ನು ಒರೆಸಿಕೊಳ್ಳುತ್ತಿದ್ದಾನೆ. ಜಿಲ್ಲೆ ದಾವಣಗೆರೆ, ತಾಲೂಕು ಜಗಳೂರು, ಹೋಬಳಿ ಬಿಳಿಚೋಡು, ಅನಂತರ ಗ್ರಾಮ, ಅನಂತರ ಸರ್ವೆ ನಂಬರು. ಅಷ್ಟಕ್ಕೇ ಮುಗಿಯದೆ ‘ಸರ್‌ನಾಕ್’ ಎಂಬ ವಿಚಿತ್ರನಾಮದ ಮನೆಯೊಂದರಲ್ಲಿ ಒಂದು ನಕ್ಷತ್ರದ ಚಿಹ್ನೆ, ಅದರ ಮುಂದೆ ಹಿಸ್ಸಾ, ಅದರ ಮುಂದೆ ವರ್ಷ. ಒಂದೊಂದನ್ನೂ ಆರಿಸುತ್ತ ಹೋದಂತೆ ಪರದೆಯ ಮೇಲಿನ ಚಕ್ರ ತಿರುಗಿ, ನಿಂತು, ಮತ್ತೆ ತಿರುಗಿ, ಕಡೆಗೆ ಗೆರೆಗಳಿಂದ ತುಂಬಿದ ಹಾಳೆಯೊಂದು ತೆರೆದುಕೊಳ್ಳುತ್ತದೆ. ಬೆರಳಿನಿಂದ ಅದನ್ನು ಹಿಗ್ಗಿಸಿ ಮಗಳು ಓದುತ್ತಾಳೆ. ಹೊಲದ ಒಡೆಯನೆಂದು ಅಲ್ಲಿ ಕಾಣುವುದು ತಂದೆಯ ಹೆಸರಲ್ಲ, ತೀರಿಹೋಗಿ ಬಹುಕಾಲವಾದ ಅಜ್ಜನ ಹೆಸರು. ಅದನ್ನು ಅವರು ಕಾಸು ಖರ್ಚಿಲ್ಲದೆ, ಯಾರ ಕೈಕಾಲು ಹಿಡಿಯದೆ, ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತದೆ ಕಂಡುಕೊಂಡರು. ಈ ಸಣ್ಣ ಘಟನೆಯ ಹಿಂದೆ ದೊಡ್ಡದೊಂದು ಇತಿಹಾಸವಿದೆ. ಇದರ ಮುಂದೆ ಸಣ್ಣದಲ್ಲದ ಒಂದು ಕಷ್ಟವೂ ಇದೆ.

ಇತಿಹಾಸವನ್ನು ಮೊದಲು ನೋಡೋಣ. ಲೆಕ್ಕದ ಪುಸ್ತಕಕ್ಕೂ ಪ್ರಜೆಯ ನೆಮ್ಮದಿಗೂ ಇರುವ ಸಂಬಂಧವನ್ನು ದಾವಣಗೆರೆಯ ಈ ಸೀಮೆಯ ಮಣ್ಣಿಗೆ ಹೇಳಿಕೊಡಬೇಕಾದುದಿಲ್ಲ. 1830–31ರ ನಗರ ದಂಗೆಯಲ್ಲಿ ರೈತರು ಕೂಟ ಕಟ್ಟಿ ಪ್ರಭುತ್ವದೆದುರು ನಿಂತಾಗ, ಹೊನ್ನಾಳಿಯು ಕಾಳಗದ ನೆಲವಾಯಿತು. ಕಂದಾಯದ ಹೊರೆಯೂ ವಸೂಲಿಯ ಅಕ್ರಮಗಳೂ ಆ ದಂಗೆಯ ಕಾರಣಗಳಲ್ಲಿ ಮುಖ್ಯವಾದವು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವು ಜಾರಿ ಬ್ರಿಟಿಷ್ ಕಮಿಷನರರ ಪಾಲಾದುದಕ್ಕೆ ಈ ದಂಗೆಯೇ ನೆಪವಾಯಿತು. ಅನಂತರ 1863ರಲ್ಲಿ ಮೈಸೂರು ಸಂಸ್ಥಾನದ ರೆವಿನ್ಯೂ ಸರ್ವೆ ಆರಂಭವಾಗಿ, ಹೊಲಗಳನ್ನು ಅಳೆದು, ಕಲ್ಲು ನೆಟ್ಟು, ಅಂಕೆ ಕೊಟ್ಟುದಾಯಿತು. ಆದರೆ ಅಳತೆಯ ಪುಸ್ತಕವು ಶಾನುಭೋಗರ ಮನೆಯ ಕೆಂಪು ಬಟ್ಟೆಯ ಗಂಟಿನಲ್ಲಿಯೇ ಉಳಿಯಿತು. ಗಂಟು ಬಿಚ್ಚುವುದು ಅವರ ಬಿಡುವನ್ನೂ ಪ್ರಸನ್ನತೆಯನ್ನೂ ಅವಲಂಬಿಸಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಶಾಸನ 1961ರಲ್ಲಿ ಬಂದು, ಶಾನುಭೋಗರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರೂ, ಗಂಟಿನ ಕೈ ಬದಲಾಯಿತೇ ಹೊರತು ಗಂಟು ಬಿಚ್ಚಿಕೊಳ್ಳಲಿಲ್ಲ.

ಅದು ನಿಜವಾಗಿ ಬಿಚ್ಚಿಕೊಂಡದ್ದು ಈ ಶತಮಾನದ ಹೊಸ್ತಿಲಲ್ಲಿ. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ರೂಪುಗೊಂಡ ‘ಭೂಮಿ’ ಯೋಜನೆಯು, ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 177 ತಾಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತೆ ಮಾಡಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಒಂದು ಸಣ್ಣ ಏರ್ಪಾಡು: ಕೌಂಟರಿನ ಒಳಗೆ ಕುಳಿತ ನೌಕರನ ಎದುರಿಗೊಂದು ಪರದೆ, ಹೊರಗೆ ನಿಂತ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆ. ತನ್ನ ದಾಖಲೆಯ ಮೇಲೆ ಒಳಗಿನವನು ಏನು ಮಾಡುತ್ತಿರುವನೆಂಬುದನ್ನು ಹೊರಗಿನವನೂ ಅದೇ ಕ್ಷಣದಲ್ಲಿ ಕಾಣಬಹುದಿತ್ತು. ಪ್ರಜಾಪ್ರಭುತ್ವದ ತತ್ತ್ವವನ್ನು ಹತ್ತು ಭಾಷಣಗಳಿಗಿಂತ ಚೆನ್ನಾಗಿ ಆ ಎರಡನೆಯ ಪರದೆಯು ಹೇಳಿತು. ಈಗ ಜಗಲಿಯ ಮೇಲೆ ಮಗಳ ಕೈಯಲ್ಲಿರುವುದು ಆ ಎರಡನೆಯ ಪರದೆಯ ಸಂತತಿಯೇ.

ಕಚೇರಿಯನ್ನು ಮನೆಗೆ ಹತ್ತಿರ ತರುವ ಯತ್ನವು ಈ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಪಾಲಿಗೆ ಹೊಸದಲ್ಲ. ಚನ್ನಗಿರಿ ತಾಲೂಕಿನ ಕಾರಿಗನೂರಿನವರಾದ ಜೆ. ಎಚ್. ಪಟೇಲರು 1967ರಲ್ಲಿ ಲೋಕಸಭೆಯನ್ನು ಪ್ರವೇಶಿಸಿ ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದವರು. ಮುಖ್ಯಮಂತ್ರಿಗಳಾದ ಮೇಲೆ 1997ರಲ್ಲಿ ಹೊಸ ಜಿಲ್ಲೆಗಳನ್ನು ರಚಿಸಿದವರೂ ಅವರೇ. ಆ ವರ್ಷದ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ, ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಅದರಲ್ಲಿ ಸೇರಿದವು. ಪ್ರಜೆಯ ನುಡಿಯನ್ನು ಸದನಕ್ಕೂ ಸರ್ಕಾರದ ಕಚೇರಿಯನ್ನು ಪ್ರಜೆಯ ಸಮೀಪಕ್ಕೂ ಒಯ್ದ ಈ ಎರಡು ಕಾರ್ಯಗಳನ್ನು ಒಟ್ಟಿಗೆ ಇಟ್ಟು ನೋಡುವುದು ಉಚಿತವೆಂದು ನನಗೆ ತೋರುತ್ತದೆ. ಏಕೆಂದರೆ ದೂರವೆಂಬುದು ಮೈಲಿಗಲ್ಲಿನಿಂದ ಮಾತ್ರ ಅಳೆಯತಕ್ಕದ್ದಲ್ಲ, ಭಾಷೆಯಿಂದಲೂ ಅಳೆಯತಕ್ಕದ್ದು.

ಗಡಿಗಳ ಈ ಸ್ಥಾನಪಲ್ಲಟವು ಜಾಲತಾಣದ ಮುಂದೆ ಕುಳಿತವನಿಗೆ ಒಂದು ತಮಾಷೆಯ ತೊಡಕನ್ನೂ ಒಡ್ಡಿದೆ. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ಸ್ವತಂತ್ರ ತಾಲೂಕಾಯಿತಷ್ಟೆ. ಅಲ್ಲಿನ ಒಂದು ಹೊಲವು ಇದ್ದಲ್ಲಿಂದ ಅಂಗುಲವೂ ಕದಲದೆ ಮೂರು ವಿಳಾಸಗಳನ್ನು ಕಂಡಿದೆ: ಅಜ್ಜನ ಕ್ರಯಪತ್ರದಲ್ಲಿ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲೂಕು, ತಂದೆಯ ಸಾಲಪತ್ರದಲ್ಲಿ ದಾವಣಗೆರೆ ಜಿಲ್ಲೆ, ಹೊನ್ನಾಳಿ ತಾಲೂಕು, ಮಗನ ಅರ್ಜಿಯಲ್ಲಿ ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲೂಕು. ಹಳೆಯ ಕಾಗದವನ್ನು ಕೈಯಲ್ಲಿ ಹಿಡಿದು ಹೊನ್ನಾಳಿಯ ಪಟ್ಟಿಯಲ್ಲಿ ತನ್ನ ಊರನ್ನು ಹುಡುಕಿ, ಕಾಣದೆ ಗಾಬರಿಯಾಗುವವರಿಗೆ ಹೇಳಬೇಕಾದುದು ಇಷ್ಟೆ: ಊರು ಎಲ್ಲಿಯೂ ಹೋಗಿಲ್ಲ, ಪಟ್ಟಿ ಬದಲಾಗಿದೆ.

ಇನ್ನು ಪಹಣಿಯ ಆ ಹಾಳೆಯನ್ನೇ ಹತ್ತಿರದಿಂದ ಓದುವ. ನೋಡಲು ಚಕ್ರವ್ಯೂಹದಂತಿದ್ದರೂ ಅದರ ರಚನೆ ಸರಳವಾದುದು. ಮೊದಲ ಅಂಕಣಗಳಲ್ಲಿ ಸರ್ವೆ ನಂಬರು, ಹಿಸ್ಸಾ. 3ನೆಯದರಲ್ಲಿ ವಿಸ್ತೀರ್ಣ, ಎಕರೆ ಗುಂಟೆಗಳಲ್ಲಿ. ಅದರಲ್ಲಿ ಉಳುಮೆಗೆ ಬಾರದ ಖರಾಬು ಎಷ್ಟೆಂಬ ವಿವರ. ನಾಲ್ವತ್ತು ಗುಂಟೆಗೆ ಎಕರೆ, ಹದಿನಾರು ಆಣೆಗೆ ಗುಂಟೆ. ನಾಣ್ಯದ ಲೋಕದಿಂದ ನಿವೃತ್ತವಾದ ಆಣೆಯು ಪಹಣಿಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. 9ನೆಯ ಅಂಕಣವು ಒಡೆಯನ ಹೆಸರನ್ನೂ ಅವನ ಪಾಲನ್ನೂ ಖಾತೆಯ ಸಂಖ್ಯೆಯನ್ನೂ ಹೇಳುತ್ತದೆ. 10ನೆಯದು ಆ ಒಡೆತನ ಹೇಗೆ ಬಂತೆಂಬುದನ್ನು. 11ನೆಯದು ಹಕ್ಕುಗಳದೂ ಋಣಗಳದೂ: ಬ್ಯಾಂಕಿನ, ಸಹಕಾರ ಸಂಘದ ಸಾಲಗಳು ಬಂದು ಕೂರುವ ಜಾಗ. ತೀರಿದ ಸಾಲವು ಕೆಲವೊಮ್ಮೆ ಅಲ್ಲಿಂದ ಏಳದೆ ಕುಳಿತೇ ಇರುವುದುಂಟು. 12ನೆಯದು ಸಾಗುವಳಿಯದೂ ಬೆಳೆಯದೂ. ಮನೆಯ ಜಾತಕವನ್ನು ವರ್ಷಕ್ಕೊಮ್ಮೆ ತೆಗೆದು ನೋಡುವ ನಾವು, ಹೊಲದ ಜಾತಕವಾದ ಇದನ್ನು ಸಾಲ ಬೇಕಾದಾಗಲೋ ಜಗಳ ಹುಟ್ಟಿದಾಗಲೋ ಮಾತ್ರ ತೆರೆಯುತ್ತೇವೆ.

ಕಷ್ಟದ ಮಾತು ಇಲ್ಲಿಂದ ಮೊದಲಾಗುತ್ತದೆ. ಕನ್ನಡಿಯೊಳಗಿನ ಗಂಟು ಎಂಬ ಗಾದೆ ಎಲ್ಲರೂ ಬಲ್ಲದ್ದು; ಕಣ್ಣಿಗೆ ಕಾಣುವುದು, ಕೈಗೆ ಸಿಕ್ಕದು. ಜಾಲತಾಣವು ತಪ್ಪನ್ನು ತೋರಿಸುವಷ್ಟು ಬೇಗ ತಿದ್ದಲಾರದು. ನಮ್ಮ ಮನೆಯದೇ ಒಂದು ಪ್ರಸಂಗ. ನಮ್ಮ ಹಿರಿಯರೊಬ್ಬರ ಹೆಸರು ಸಿದ್ದಪ್ಪ. ಕೈಬರಹದಿಂದ ಗಣಕಕ್ಕೆ ಏರುವಾಗ ಒಂದು ಗುಡಿಸು ಬಿದ್ದುಹೋಗಿ ಅವರು ಸದ್ದಪ್ಪನಾದರು. ಪರದೆಯ ಮೇಲೆ ಅದನ್ನು ಕಂಡುಹಿಡಿಯಲು ನಮಗೆ ಹಿಡಿದದ್ದು ಐದು ನಿಮಿಷ; ಆ ಗುಡಿಸನ್ನು ಮರಳಿ ಏರಿಸಲು ಹಿಡಿದದ್ದು ಒಂದು ಬೇಸಗೆ, ಒಂದು ಮಳೆಗಾಲ. ಹೆಸರು ಹೇಳಬೇಕಾದುದಿಲ್ಲದ ಕಚೇರಿಯೊಂದರಲ್ಲಿ ನಮಗೆ ಸಿಕ್ಕ ಉತ್ತರ, ಮೂಲದಾಖಲೆ ತನ್ನಿ ಎಂದು. ಮೂಲದಾಖಲೆ ಇದ್ದುದು ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಅಂದು ನೆನಪಾಗದೆ ಇರಲಿಲ್ಲ.

ಗುಡಿಸಿನ ತಪ್ಪು ಸಣ್ಣದು. ತೀರಿಹೋದವರ ಹೆಸರು ಉಳಿದಿರುವುದು ದೊಡ್ಡದು. ಒಡೆಯನು ಸತ್ತ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದಕ್ಕೆ ಪೌತಿ ಖಾತೆಯೆಂದು ಹೆಸರು. ಅಣ್ಣತಮ್ಮಂದಿರು ಕೂಡಿ ಬಾಳುವವರೆಗೆ ಅದರ ಗೊಡವೆ ಯಾರಿಗೂ ಬೇಡ. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಎದ್ದೀತೆಂಬ ಅಳುಕು ಬೇರೆ. ಹೀಗೆ ಒಂದು ತಲೆಮಾರು ಮುಂದೂಡಿದ ಕೆಲಸ ಮರುತಲೆಮಾರಿಗೆ ಇಮ್ಮಡಿಯಾಗಿ ಬರುತ್ತದೆ. ಸತ್ತವನಿಗೆ ಬ್ಯಾಂಕು ಬೆಳೆಸಾಲ ಕೊಡದು. ‘ಫ್ರೂಟ್ಸ್’ ಎಂಬ ರೈತನೋಂದಣಿಯಲ್ಲಿ ಸತ್ತವನಿಗೆ ಸಂಖ್ಯೆ ಸಿಗದು. ಆ ಸಂಖ್ಯೆಯಿಲ್ಲದೆ ಬರ ನೆರೆಗಳ ಪರಿಹಾರವು ಖಾತೆಗೆ ಬಾರದು. ಉಳುವವನು ಬದುಕಿರುವನು, ಒಡೆಯನೆಂದು ಬರೆದವನು ಸತ್ತಿರುವನು. ಯಂತ್ರಕ್ಕೆ ತಿಳಿಯುವುದು ಬರೆದದ್ದು ಮಾತ್ರ. ಹಿಂದೆ ಶಾನುಭೋಗರಿಗೆ ಊರಿನ ವಂಶಾವಳಿ ಬಾಯಿಪಾಠವಿತ್ತು. ಯಂತ್ರಕ್ಕೆ ಆ ದಾಕ್ಷಿಣ್ಯವೂ ಇಲ್ಲ, ಆ ಜ್ಞಾಪಕವೂ ಇಲ್ಲ.

ಅರ್ಜಿಯು ಕಡತಗಳ ನಡುವೆ ನಿದ್ರಿಸುವುದಕ್ಕೆ ಮದ್ದೊಂದು ಇಲ್ಲವೆಂದು ತಿಳಿಯಬಾರದು. 2011ರ ಶಾಸನದ ಬಲದಿಂದ, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ವು, ಒಂದೊಂದು ಸೇವೆಗೂ ಇಂತಿಷ್ಟು ದಿನಗಳೆಂದು ಗಡುವನ್ನು ವಿಧಿಸಿತು. ಅರ್ಜಿ ಕೊಟ್ಟವನಿಗೆ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿ ಸಿಗತಕ್ಕದ್ದು. ಗಡುವು ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ. ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ, 500ಕ್ಕೆ ಮೀರದಂತೆ, ಪರಿಹಾರವನ್ನು ಕೇಳುವ ಅಧಿಕಾರ. ಮೊತ್ತ ಅಲ್ಪವಾದುದು ಹೌದು. ಆದರೆ ಪ್ರಜೆಯು ಕಾದುದಕ್ಕೆ ಬೆಲೆಯುಂಟೆಂದು ಸರ್ಕಾರವೇ ಒಪ್ಪಿಕೊಂಡ ಮಾತು ಅಲ್ಪವಾದುದಲ್ಲ. ದುರ್ದೈವವೆಂದರೆ, ಆ ಚೀಟಿಯನ್ನು ಕೇಳಿ ಪಡೆಯುವವರು ಕಡಿಮೆ. ಪಡೆದರೂ ಅಂಗಿಯ ಜೇಬಿನಲ್ಲಿಟ್ಟು ಒಗೆಯುವವರೇ ಹೆಚ್ಚು.

ಮೊಬೈಲ್ ಇಲ್ಲದವರ, ಇದ್ದರೂ ಓದಲಾರದವರ ಗತಿಯೇನು? ಅವರಿಗಾಗಿ ಹುಟ್ಟಿದ್ದು ‘ಗ್ರಾಮ ಒನ್’. ಅದರ ಮೊದಲ ಪ್ರಯೋಗ ನಡೆದದ್ದು 2020ರಲ್ಲಿ, ಇದೇ ದಾವಣಗೆರೆ ಜಿಲ್ಲೆಯಲ್ಲಿ. 2022ರ ಗಣರಾಜ್ಯೋತ್ಸವದ ದಿನ ಅದು ಹನ್ನೆರಡು ಜಿಲ್ಲೆಗಳಿಗೆ ಹಬ್ಬಿತು. ಅಂದರೆ ನಾಡಿಗೆ ಹಂಚಿದ ಈ ಅಡುಗೆಯ ರುಚಿಯನ್ನು ಮೊದಲು ನೋಡಿದವರು ಇಲ್ಲಿಯವರು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರಬೇಕಾದ ಒಂದು ಕೋಣೆ, ಒಂದು ಗಣಕ, ಒಂದು ಮುದ್ರಣಯಂತ್ರ, ಬೆರಳೊತ್ತುವ ಒಂದು ಗಾಜಿನ ಚೂರು, ಊರಿನವನೇ ಆದ ಒಬ್ಬ ನಿರ್ವಾಹಕ. ಚನ್ನಗಿರಿಯ ಕಡೆ ಅಡಿಕೆಯ ಕೊಯ್ಲಿನ ಕಾಲದಲ್ಲಿ ಆ ಗಾಜಿನ ಚೂರಿನ ಮುಂದೆ ಒಂದು ಸಂಕಟ ನಡೆಯುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತು ದಿನವಿಡೀ ಅಡಿಕೆ ಸುಲಿದ ಹೆಂಗಸಿನ ಬೆರಳು ಚೊಗರಿನಿಂದ ಕಪ್ಪಾಗಿ, ಸವೆದು, ಗೆರೆಗಳನ್ನೇ ಕಳೆದುಕೊಂಡಿರುತ್ತದೆ. ಒತ್ತಿದರೆ ಯಂತ್ರವು ಒಪ್ಪದು. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದರೂ ಒಪ್ಪದು. ದುಡಿದುದರಿಂದಲೇ ಗುರುತು ಅಳಿಸಿಹೋದ ಕೈಯನ್ನು, ನೀನು ನೀನಲ್ಲವೆಂದು ಹಿಂದಕ್ಕೆ ಕಳಿಸುವ ಯಂತ್ರವನ್ನು ಬುದ್ಧಿವಂತನೆಂದು ಕರೆಯಲು ನನಗೆ ಮನಸ್ಸಾಗದು. ಕಣ್ಣಿನ ಪಾಪೆಯಿಂದಲೋ ಮುಖದಿಂದಲೋ ಗುರುತಿಸುವ ದಾರಿಗಳೂ ಆಧಾರ್‌ನಲ್ಲಿ ಉಂಟು. ಅವನ್ನು ಕೇಳಬಹುದೆಂಬ ಅರಿವು ಆ ಹೆಂಗಸಿಗೆ ಮುಟ್ಟಬೇಕು.

2023ರ ಜುಲೈಯಲ್ಲಿ ಗೃಹಲಕ್ಷ್ಮಿಯ ನೋಂದಣಿ ಮೊದಲಾದಾಗ, ತಿಂಗಳಿಗೆ 2000 ರೂಪಾಯಿಯ ಆ ಯೋಜನೆಗಾಗಿ ಇಂಥ ಕೋಣೆಗಳ ಮುಂದೆ ಸಾಲುಗಟ್ಟಿ ನಿಂತ ಸ್ತ್ರೀಯರನ್ನು ನಾವೆಲ್ಲರೂ ಕಂಡಿದ್ದೇವೆ. ಅಂದಿನಿಂದ ‘ಸರ್ವರ್’ ಎಂಬುದು ಹಳ್ಳಿಗನ್ನಡದ ಶಬ್ದವೇ ಆಗಿಹೋಯಿತು. ಮಳೆ ಬರಲಿಲ್ಲವೆಂಬಂತೆಯೇ ಸರ್ವರ್ ಬರಲಿಲ್ಲ ಎನ್ನುವರು. ಅದೇ ಧ್ವನಿ, ಅದೇ ನಿಟ್ಟುಸಿರು, ಯಾರನ್ನೂ ದೂರಲಾಗದ ಅದೇ ಅಸಹಾಯತೆ. ಕಚೇರಿಯ ಗುಮಾಸ್ತನನ್ನು ಗದರಿಸಿ ಕೇಳಬಹುದಿತ್ತು, ಸರ್ವರನ್ನು ಕೇಳುವವರಾರು? ಇದಲ್ಲದೆ ಹೆಸರುಗಳ ತಾಳೆಯೆಂಬ ಇನ್ನೊಂದು ಪೀಡೆ. ಪಹಣಿಯಲ್ಲಿ ‘ಹನುಮಂತಪ್ಪ ಬಿನ್ ತಿಮ್ಮಪ್ಪ’, ಆಧಾರ್‌ನಲ್ಲಿ ಇಂಗ್ಲಿಷಿನ ‘ಹನುಮಂತಪ್ಪ ಟಿ’, ಬ್ಯಾಂಕಿನಲ್ಲಿ ‘ಟಿ ಹನುಮಂತ’. ಊರೆಲ್ಲ ಒಬ್ಬನೇ ಎಂದು ಬಲ್ಲ ಈ ಮನುಷ್ಯನು ಯಂತ್ರದ ಲೆಕ್ಕದಲ್ಲಿ ಮೂವರು. ಕನ್ನಡದಲ್ಲಿ ಬರೆದ ಹೆಸರನ್ನೇ ಮೂಲವೆಂದು ಹಿಡಿದಿದ್ದರೆ ಈ ತ್ರಿಮೂರ್ತಿಗಳ ಅವತಾರವಾಗುತ್ತಿತ್ತೆ?

ಇಷ್ಟಾದರೂ ನೋಡುವ ಅಧಿಕಾರವು ನಿರರ್ಥಕವೆನ್ನಲು ನಾನು ಸಿದ್ಧನಲ್ಲ. ಅದಕ್ಕೆ ಜಗಳೂರೇ ಸಾಕ್ಷಿ. ಮಳೆಯನ್ನು ನಂಬಿ ಬಿತ್ತುವ ಬರದ ಸೀಮೆಯಲ್ಲಿ ಬೆಳೆವಿಮೆಯೆಂಬುದು ಎರಡನೆಯ ಬೆಳೆಯಷ್ಟೇ ಮುಖ್ಯ. ಹೊಲದಲ್ಲಿರುವುದು ಈರುಳ್ಳಿ, ದಾಖಲೆಯಲ್ಲಿರುವುದು ಮೆಕ್ಕೆಜೋಳ ಎಂದಾದರೆ ವಿಮೆಯೂ ಪರಿಹಾರವೂ ತಕರಾರಿಗೆ ಬೀಳುತ್ತವೆ. 2020ರಲ್ಲಿ ಸರ್ಕಾರವು ಬೆಳೆ ಸಮೀಕ್ಷೆಯ ಆ್ಯಪನ್ನು ರೈತನ ಕೈಗೇ ಕೊಟ್ಟಿತು: ತನ್ನ ಹೊಲದ ಎಲ್ಲೆಯೊಳಗೆ ನಿಂತು, ತನ್ನ ಬೆಳೆಯ ಚಿತ್ರ ತೆಗೆದು, ತಾನೇ ದಾಖಲಿಸುವುದು. ದಾಖಲಾದುದು ಸರಿಯೇ ಎಂದು ನೋಡಿ ಆಕ್ಷೇಪಿಸಲು ‘ಬೆಳೆ ದರ್ಶಕ’ ಎಂಬ ಇನ್ನೊಂದು. ಲೆಕ್ಕಿಗನು ನೋಡಿ ಬರೆಯುತ್ತಿದ್ದ ಪಹಣಿಯನ್ನು ಈಗ ಬೆಳೆದವನೇ ನೋಡಿ ಬರೆಯುತ್ತಾನೆ. ಶಬ್ದದ ಅರ್ಥವು ಶತಮಾನಗಳ ಸುತ್ತು ಹಾಕಿ ಮಣ್ಣಿನ ಮಗನ ಕಣ್ಣಿಗೇ ಬಂದು ನಿಂತಿದೆ.

ಒಬ್ಬೊಬ್ಬನ ದಾಖಲೆ ಒಬ್ಬೊಬ್ಬನಿಗೆ ಕಂಡರೆ ಸಾಲದು, ಊರ ಲೆಕ್ಕ ಊರಿಗೇ ಕಾಣಬೇಕು. ಸರ್ಕಾರದ ಕಾಗದಗಳನ್ನು ಪ್ರಜೆಗಳು ನೋಡಬಹುದೆಂಬ ಶಾಸನವು ಲೋಕದಲ್ಲಿ ಮೊದಲು ಬಂದುದು 1766ರಲ್ಲಿ, ಸ್ವೀಡನ್ ದೇಶದಲ್ಲಿ. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವು, ಜನರು ಅರ್ಜಿ ಹಾಕುವ ಪ್ರಸಂಗವೇ ಆದಷ್ಟು ಕಡಿಮೆಯಾಗುವಂತೆ, ಕಚೇರಿಗಳು ತಾವಾಗಿಯೇ ಮಾಹಿತಿಯನ್ನು ಪ್ರಕಟಿಸತಕ್ಕದ್ದೆಂದು ವಿಧಿಸಿತು. ರಾಜಸ್ಥಾನವು 2019ರಲ್ಲಿ ‘ಜನ ಸೂಚನಾ’ ಎಂಬ ಜಾಲತಾಣವನ್ನು ತೆರೆದು ಅದಕ್ಕೆ ರೂಪ ಕೊಟ್ಟಿತು. ಕರ್ನಾಟಕವು ಅದೇ ಹಾದಿಯಲ್ಲಿ ನಿರ್ಮಿಸಿದ್ದಕ್ಕೆ ‘ಮಾಹಿತಿ ಕಣಜ’ವೆಂದು ಹೆಸರು. ಸರ್ಕಾರಿ ನಾಮಕರಣಗಳಲ್ಲಿ ಇಷ್ಟು ಸೊಗಸಾದುದು ಅಪರೂಪ. ಕಣಜವೆಂದರೆ ಸುಗ್ಗಿಯಲ್ಲಿ ತುಂಬಿ ಬೇಸಗೆಯಲ್ಲಿ ಬಿಚ್ಚುವ ಮನೆ. ಗುಟ್ಟಿನ ಪದವೂ ಬೇಡದೆ, ಹೆಸರು ಹೇಳದೆಯೇ ಅದರೊಳಗೆ ಹೊಕ್ಕು, ತನ್ನ ಪಂಚಾಯಿತಿಯಲ್ಲಿ ಉದ್ಯೋಗ ಖಾತರಿಯ ಹಣ ಹೇಗೆ ವ್ಯಯವಾಯಿತು, ಪಡಿತರವೆಷ್ಟು ಬಂತು ಎಂಬುದನ್ನು ಯಾರೂ ನೋಡಬಹುದು. ನೋಡುವವರಿಲ್ಲದ ಕಣಜದಲ್ಲಿ ಹೆಗ್ಗಣ ಸೇರುವುದು ಕಣಜದ ದೋಷವಲ್ಲ.

ಬಾಗಿಲು ತೆರೆದಿರುವಲ್ಲಿ ಕಳ್ಳನೂ ಬರುವನು. ಕಿಸಾನ್ ಸಮ್ಮಾನದ ಕಂತು ಬಂದಿದೆ, ಇಲ್ಲಿ ಒತ್ತಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಕಡತವನ್ನು ಒತ್ತಬಾರದು. ಒಟಿಪಿಯನ್ನು ಕೇಳಿದವರಿಗೆಲ್ಲ ಹೇಳಬಾರದು. ಸರ್ಕಾರದ ಜಾಲತಾಣದ ವಿಳಾಸವು ಸಾಮಾನ್ಯವಾಗಿ ‘ಗೌವ್ ಡಾಟ್ ಇನ್’ ಎಂದು ಮುಗಿಯುತ್ತದೆಂಬುದನ್ನು ಮಕ್ಕಳಿಗೆ ಮಗ್ಗಿಯಂತೆ ಕಲಿಸಬೇಕು.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ನೋಡುವ ಹಕ್ಕು ಜಗಲಿಗೆ ಬಂದಿದೆ. ತಿದ್ದುವ ಅಧಿಕಾರ ಇನ್ನೂ ಕಚೇರಿಯಲ್ಲಿಯೇ ಇದೆ. ಇವೆರಡರ ನಡುವಣ ದಾರಿಯನ್ನು ಸವೆಸುವ ಕೆಲಸ ಸರ್ಕಾರದ್ದು. ಆದರೆ ತಪ್ಪನ್ನು ಅವಸರ ಬೀಳುವ ಮುನ್ನವೇ ಕಂಡುಕೊಳ್ಳುವ ಕೆಲಸ ನಮ್ಮದು. ಚನ್ನಗಿರಿಯ ತೋಟದವರೂ ಹೊನ್ನಾಳಿ ನ್ಯಾಮತಿಗಳ ಗದ್ದೆಯವರೂ ಜಗಳೂರಿನ ಬೆದ್ದಲಿನವರೂ ಮುಂದಿನ ಮುಂಗಾರಿಗೆ ಮೊದಲು ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಓದಬಲ್ಲ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಹಣಿಯ 9, 11, 12ನೆಯ ಅಂಕಣಗಳನ್ನು ಗಟ್ಟಿಯಾಗಿ ಓದಿಸಿರಿ. ತಪ್ಪು ಕಂಡರೆ ಮರುದಿನವೇ ಅರ್ಜಿ ಕೊಡಿರಿ. ಸಕಾಲದ ಚೀಟಿಯನ್ನು ಕೇಳಿ ಪಡೆದು, ಕ್ರಯಪತ್ರಗಳನ್ನಿಡುವ ಪೆಟ್ಟಿಗೆಯಲ್ಲಿಯೇ ಅದನ್ನೂ ಇಡಿರಿ.